ಬಾಯ್ಲರಿಗೊಂದು ಅಂಗಿ

ಯಂತ್ರಕ್ಕೆ ಅಂಗಿ ಹೊಲಿದುಕೊಂಡು ಬದುಕುವ ಹೆಂಗಸೊಬ್ಬಳಿದ್ದಾಳೆ ಎಂದರೆ ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ನಂಬದಿದ್ದರೆ ಬೇಡ, ಅವಳಿಗೇನೂ ನಷ್ಟವಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬೀಗದ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಒಂದು ಉದ್ದನೆಯ ಇಕ್ಕಟ್ಟು ಕೋಣೆಯಿದೆ. ಅದರ ಮುಂದಿನ ಅರ್ಧ ಗಂಡನದು. ಮನೆಗಳಲ್ಲಿ ಇಟ್ಟುಕೊಳ್ಳುವ ಎಸ್ಪ್ರೆಸೊ ಕಾಫಿ ಯಂತ್ರಗಳನ್ನು ಆತ ರಿಪೇರಿ ಮಾಡುತ್ತಾನೆ. ಮೇಜಿನ ತುಂಬ ತಿರುಪು, ರಬ್ಬರ್ ಉಂಗುರ, ಸುಣ್ಣ ಕಟ್ಟಿದ ಕೊಳವೆ. ಹಿಂದಿನ ಅರ್ಧ ಹೆಂಡತಿಯದು. ಅಲ್ಲಿ ಕಿಟಕಿಗೆ ಮುಖ ಮಾಡಿದ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಗಾಜಿನ ನಾರಿನ ಬಟ್ಟೆಯ ಸುರುಳಿಗಳು, ಮೊಳೆಗೆ ನೇತುಹಾಕಿದ ಕಾಗದದ ಅಚ್ಚುಗಳು. ಓಣಿಯವರು ಅವಳನ್ನು ಬಾಯ್ಲರಮ್ಮ ಎನ್ನುತ್ತಾರೆ. ಐವತ್ತೊಂದು ವರ್ಷ, ಗಟ್ಟಿ ಗಂಟಲು, ಮೂಗಿನ ತುದಿಯಲ್ಲೇ ಕೋಪ. ತಾನು ತೊಡಿಸಿದ ಅಂಗಿಯನ್ನು ಯಾರೂ ಬಿಚ್ಚಿಸಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಒಂದೇ ಒಂದನ್ನು ಬಿಚ್ಚಬೇಕಾಗಿ ಬಂತು. ಅದೂ ಸ್ವಂತ ಅಕ್ಕನ ಮನೆಯದು.

ಈ ಕೆಲಸದಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ಕಾಫಿ ಯಂತ್ರದ ಹೊಟ್ಟೆಯಲ್ಲಿ ಎರಡು ಲೀಟರ್ ನೀರು ಹಿಡಿಯುವ ಒಂದು ತಾಮ್ರದ ಬಾಯ್ಲರ್ ಇರುತ್ತದೆ. ಹಬೆ ಬೇಕೆಂದಾಗ ಹಬೆ ಬರಬೇಕಾದರೆ ಅದು ಸದಾ ಕಾದಿರಬೇಕು. ಬರಿಮೈಯ ತಾಮ್ರ ತನ್ನ ಶಾಖವನ್ನೆಲ್ಲ ಸುತ್ತಲಿನ ತಗಡಿನ ಪೆಟ್ಟಿಗೆಗೆ ಹಂಚುತ್ತ ಕೂರುತ್ತದೆ. ಶಾಖ ಇಳಿದ ಕೂಡಲೇ ಟಿಕ್ ಎಂದು ಹೀಟರ್ ಹತ್ತಿಕೊಳ್ಳುತ್ತದೆ, ಕಾಯಿಸುತ್ತದೆ, ಆರುತ್ತದೆ, ಮತ್ತೆ ಟಿಕ್. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಹೊರಗೆ ಚೆಲ್ಲಿದ ಶಾಖವಾದರೂ ಸುಮ್ಮನಿರುತ್ತದೆಯೇ? ಪೆಟ್ಟಿಗೆಯೊಳಗಿನ ತಂತಿಗಳ ಹೊದಿಕೆಯನ್ನು ಕಂದಾಗಿಸಿ ಒಡೆಯುತ್ತದೆ, ರಬ್ಬರನ್ನು ಕಲ್ಲು ಮಾಡುತ್ತದೆ, ನಾಲ್ಕು ವರ್ಷ ಬಾಳುವ ಯಂತ್ರವನ್ನು ಎರಡು ವರ್ಷಕ್ಕೆ ಗಂಡನ ಮೇಜಿಗೆ ತಂದು ಮಲಗಿಸುತ್ತದೆ. ಬಾಯ್ಲರಿಗೆ ದಪ್ಪನೆಯ ಅಂಗಿ ತೊಡಿಸಿದರೆ ಶಾಖ ಅದರ ಮೈಯಲ್ಲೇ ನಿಲ್ಲುತ್ತದೆ. ಅಂಗಿ ಎಷ್ಟು ಚೆನ್ನಾಗಿ ಕೂತಿದೆ ಎಂದು ತಿಳಿಯಲು ಅವಳು ಗಂಟೆಗೆ ಎಷ್ಟು ಟಿಕ್ ಎಂದು ಎಣಿಸುತ್ತಾಳೆ. ಬರಿಮೈಯಲ್ಲಿ ನಲವತ್ತು ಚಿಲ್ಲರೆ ಇರುತ್ತದೆ. ಅದನ್ನು ಇಪ್ಪತ್ತರ ಒಳಗೆ ತರದಿದ್ದರೆ ಅವಳಿಗೆ ಆ ದಿನ ಊಟ ಸೇರುವುದಿಲ್ಲ.

ಅವಳಿಗೆ ಸೂಜಿ ಹಿಡಿಯಲು ಕಲಿಸಿದವಳು ಅಕ್ಕ. ಒಂಬತ್ತು ವರ್ಷ ದೊಡ್ಡವಳು. ತಾಯಿ ಬೇಗ ಹೋದ ಮೇಲೆ ತಂಗಿಯ ತಲೆ ಬಾಚಿದವಳೂ ಅವಳೇ, ಬೆನ್ನಿಗೆ ಗುದ್ದಿದವಳೂ ಅವಳೇ. ಐವತ್ತು ದಾಟಿದ ತಂಗಿಯನ್ನು ಇವತ್ತಿಗೂ ಪುಟ್ಟಿ ಎನ್ನುತ್ತಾಳೆ. ಅಕ್ಕನ ಅಂಗಡಿಯಲ್ಲಿ ಕೋಟು ಬಿಟ್ಟು ಬೇರೇನೂ ಹೊಲಿಯುತ್ತಿರಲಿಲ್ಲ. ಆ ಊರಿನ ಚಳಿಗೆ ಕೋಟಿಲ್ಲದೆ ಆಗುತ್ತಿರಲಿಲ್ಲ, ಅಕ್ಕ ಹೊಲಿದ ಕೋಟಿದ್ದರೆ ಇನ್ನೊಂದು ಹತ್ತು ವರ್ಷ ಬೇಕಾಗುತ್ತಿರಲಿಲ್ಲ. ಅವಳ ಅಳತೆಯ ಪುಸ್ತಕದಲ್ಲಿ ಗಿರಾಕಿಯ ಹೆಸರು ಇರುತ್ತಿರಲಿಲ್ಲ, ಕಸುಬು ಇರುತ್ತಿತ್ತು. ಅಂಚೆಯವನು, ಬಲಭುಜಕ್ಕೆ ಚೀಲ. ಪಿಟೀಲು ಮೇಷ್ಟ್ರು, ಎಡಗೈ ಮೇಲೆತ್ತುತ್ತಾರೆ. ದಾದಿ, ದಿನಕ್ಕೆ ನೂರು ಸಲ ಬಗ್ಗುತ್ತಾಳೆ.

"ಬರೀ ಮೈ ಅಳೀಬೇಡ ಕಣೇ ಪುಟ್ಟಿ. ಅವರು ಏನ್ ಕೆಲಸ ಮಾಡ್ತಾರೆ, ಎಲ್ಲಿಗೆ ಕೈ ಚಾಚ್ತಾರೆ, ಹೇಗೆ ಕೂರ್ತಾರೆ, ಎಲ್ಲ ಕೇಳು. ಆಮೇಲೆ ಕತ್ತರಿ ಹಿಡಿ. ನಿಂತಾಗ ಅಳೆದು ಹೊಲಿದ ಕೋಟು ಕೂತಾಗ ಬೈಯುತ್ತೆ," ಎನ್ನುತ್ತಿದ್ದಳು ಅಕ್ಕ.

ಮೂವತ್ತು ವರ್ಷ ಪುಟ್ಟಿ ಆ ಅಂಗಡಿಯಲ್ಲಿ ಹೊಲಿದಳು. ಒಂದು ದಿನ ಗಂಡ ಬಾಯ್ಲರಿಗೆ ಮುಂಗೈ ತಾಗಿಸಿ ಸುಟ್ಟುಕೊಂಡು ಬಂದ. ಅವನಿಗೆ ಔಷಧಿ ಹಚ್ಚುತ್ತ, ಬಯ್ಯುತ್ತ ಇದ್ದಾಗ, ಯಾವುದೋ ಬೇಕರಿಯ ಒಲೆಯ ಬಾಗಿಲಿಗೆಂದು ತಂದು ಉಳಿದಿದ್ದ ಗಾಜಿನ ನಾರಿನ ಬಟ್ಟೆ ಅವಳ ಕಣ್ಣಿಗೆ ಬಿತ್ತು. ತಮಾಷೆಗೆಂದು ಬಾಯ್ಲರಿಗೆ ಒಂದು ಅಂಗಿ ಹೊಲಿದಳು. ತೊಡಿಸಿ ಚಾಲೂ ಮಾಡಿದರೆ ಇಪ್ಪತ್ತೇ ನಿಮಿಷಕ್ಕೆ ಯಂತ್ರ ತಣ್ಣಗೆ ಸತ್ತು ಕೂತಿತು. ಅತಿಯಾಗಿ ಕಾದರೆ ಕರೆಂಟು ಕಡಿಯಲೆಂದು ಬಾಯ್ಲರಿನ ತಲೆಯ ಮೇಲೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಅವಳು ಅದನ್ನೂ ಸೇರಿಸಿ ಹೊದಿಸಿಬಿಟ್ಟಿದ್ದಳು.

"ಮಗೂಗೆ ಅಂಗಿ ಹಾಕು ಅಂದ್ರೆ ಮೂಗು ಬಾಯಿ ಸೇರಿಸಿ ಹೊಲಿದಿದೀಯಲ್ಲೇ," ಎಂದು ಗಂಡ ನಕ್ಕ.

ಅವಳು ನಗಲಿಲ್ಲ. ಆ ಸ್ವಿಚ್ಚಿಗೊಂದು ಕಿಟಕಿ, ಹಬೆ ಬಿಡುವ ಕವಾಟಕ್ಕೊಂದು ಕಿಟಕಿ ಬಿಟ್ಟು, ಅಂಚು ಮಡಿಸಿ ಹೊಲಿದು, ಎರಡನೆಯ ಅಂಗಿ ತೊಡಿಸಿದಳು. ನಲವತ್ತೊಂದು ಟಿಕ್ ಇದ್ದದ್ದು ಇಪ್ಪತ್ತೆರಡಕ್ಕೆ ಇಳಿಯಿತು. ಆ ಸಂಜೆ ಅವಳಿಗೆ ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲವಂತೆ. ಈ ಮಾತನ್ನು ಗಂಡನ ಎದುರಿಗೇ ಹೇಳುತ್ತಾಳೆ. ಒಬ್ಬರಿಂದ ಒಬ್ಬರಿಗೆ ಸುದ್ದಿ ಹರಡಿತು, ಯಂತ್ರಗಳು ಬರತೊಡಗಿದವು, ಕೊನೆಗೆ ಅವಳು ಅಕ್ಕನ ಅಂಗಡಿ ಬಿಡುತ್ತೇನೆಂದಳು.

ಅಕ್ಕ ಕೈಯಲ್ಲಿದ್ದ ಕತ್ತರಿ ಕೆಳಗಿಡಲಿಲ್ಲ. "ದರ್ಜಿ ಅಂದ್ರೆ ಉಸಿರಾಡೋ ಮೈಗೆ ಹೊಲಿಯೋರು. ಪಾತ್ರೆಗೆ ಗೌಸು ಹಾಕೋಕೆ ನಾನು ನಿನಗೆ ಹೊಲಿಗೆ ಕಲಿಸಿದ್ದಾ? ಹೋಗು. ಆದ್ರೆ ಇನ್ಮೇಲೆ ದರ್ಜಿ ಅಂತ ಹೇಳ್ಕೋಬೇಡ."

ಏಳು ವರ್ಷವಾಯಿತು ಆ ಮಾತಿಗೆ. ಮಾತುಕತೆ ನಿಂತಿರಲಿಲ್ಲ, ಅಷ್ಟು ದೊಡ್ಡ ಜಗಳವೇನೂ ಅಲ್ಲ ಅದು. ಮಳೆ ಬಂತು, ಮಾತ್ರೆ ತಗೊಂಡೆಯಾ, ಭಾವ ಹೇಗಿದ್ದಾರೆ ಎಂಬಷ್ಟು ನಡೆಯುತ್ತಿತ್ತು. ಕಸುಬಿನ ಮಾತು ಮಾತ್ರ ಇಬ್ಬರ ನಡುವೆ ನುಂಗಲಾರದ ಬಿಸಿತುಪ್ಪವಾಗಿತ್ತು. ಓಣಿಯವರೆಲ್ಲ ಹೊಗಳಿದರೂ ಬಾಯ್ಲರಮ್ಮನಿಗೆ ಬೇಕಾದದ್ದು ಒಂದೇ. ಅಕ್ಕ ತನ್ನ ಬಾಯಾರೆ ಇದನ್ನೂ ಹೊಲಿಗೆ ಎನ್ನಬೇಕು. ಅದಿಲ್ಲದೆ ಉಳಿದ ಹೊಗಳಿಕೆಯೆಲ್ಲ ಅವಳಿಗೆ ಉಪ್ಪಿಲ್ಲದ ಊಟವೇ.

ಎರಡು ವರ್ಷದ ಹಿಂದೆ ಅಕ್ಕ ಅಂಗಡಿ ಮುಚ್ಚಿದಳು. ಯಾಕೆಂದು ಕೇಳಿದವರಿಗೆ ಸಾಕಾಯ್ತು ಎಂದಳು, ಅಷ್ಟೇ. ಭಾವ ಗ್ರಂಥಾಲಯದ ಕೆಲಸದಿಂದ ನಿವೃತ್ತರಾದಾಗ ತಮಗೆ ತಾವೇ ಒಂದು ಎಸ್ಪ್ರೆಸೊ ಯಂತ್ರವನ್ನು ಉಡುಗೊರೆ ಕೊಟ್ಟುಕೊಂಡರು. ಮೂವತ್ತೈದು ವರ್ಷ ಓದುಗರ ನಡುವೆ ಕೂತವರು. ಈಗ ಸಂತೆಯಲ್ಲಿ ನಿಂತರೂ ಪಿಸುಮಾತಿನಲ್ಲೇ ಮಾತಾಡುತ್ತಾರೆ. ಈ ವರ್ಷ ಚಳಿ ಶುರುವಾದ ವಾರ, ಅದೇ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಎತ್ತಿಕೊಂಡು ಓಣಿಗೆ ಬಂದರು.

"ಟಿಕ್ ಟಿಕ್ ಅಂತ ಒಂದೇ ಸಮ ಬಡ್ಕೊಳ್ತಿರುತ್ತೆ. ನಿನ್ ಹತ್ರ ಅಂಗಿ ಹಾಕಿಸ್ಲಾ ಅಂದೆ. ನಿಮ್ಮಿಷ್ಟ ಅಂದ್ಲು ನಿಮ್ಮಕ್ಕ," ಎಂದು ಭಾವ ಪಿಸುಗುಟ್ಟಿದರು.

ನಿಮ್ಮಿಷ್ಟ ಎಂಬ ಮಾತಿನಲ್ಲಿ ಹುರುಳೇನಿದೆ ಹೇಳಿ. ಆದರೆ ಬಾಯ್ಲರಮ್ಮನಿಗೆ ಅದು ಅರ್ಧ ಹೊಗಳಿಕೆಯಂತೆ ಕೇಳಿಸಿತು. ಅಕ್ಕ ಬೇಡ ಎನ್ನಲಿಲ್ಲ. ಅಕ್ಕನ ಮನೆಯ ಬಾಯ್ಲರಿಗೆ ತನ್ನ ಅಂಗಿ. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವಳ ಹೊಲಿಗೆ ಯಂತ್ರದ ಮೇಲ್ಗಡೆ ಗೋಡೆಗೆ ಒಂದು ಚೀಟಿ ಅಂಟಿಸಿದೆ. ಅದರಲ್ಲಿ ಏಳು ಪ್ರಶ್ನೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಚಾಲೂ ಮಾಡುತ್ತೀರಿ, ಮೊದಲ ಕಾಫಿ ಎಷ್ಟು ಹೊತ್ತಿಗೆ, ಯಂತ್ರ ಯಾವ ಗೋಡೆಗಿದೆ, ಮೇಲೆ ಏನಿಡುತ್ತೀರಿ, ಹೀಗೆ. ಯಂತ್ರ ತರುವವರು ನ್ಯಾಯಾಧೀಶರೇ ಆಗಿರಲಿ, ಏಳಕ್ಕೂ ಉತ್ತರ ಹೇಳದೆ ಅವಳ ಬಾಗಿಲು ದಾಟುವಂತಿಲ್ಲ. ಬರೀ ಮೈ ಅಳೆಯಬೇಡ ಎಂದು ಕಲಿತವಳಲ್ಲವೇ. ಅವತ್ತು ಭಾವನಿಗೆ ಅವಳು ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಅಕ್ಕನ ಮನೆ ತನಗೆ ಗೊತ್ತಿಲ್ಲವೇ? ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ನಾಲ್ಕು ದಿನ ಹೊಲಿದಳು. ಎಲ್ಲರಿಗೂ ಎರಡು ಪದರವಾದರೆ ಅಕ್ಕನಿಗೆ ಮೂರು. ಕಿಟಕಿಗಳ ಅಂಚಿಗೆ ಕೈಹೊಲಿಗೆ ಹಾಕಿದಳು. ಬಾಯ್ಲರಿನ ಪಕ್ಕ, ತಳ, ತಲೆ ಯಾವುದನ್ನೂ ಬಿಡದೆ ಬಿಗಿದಳು. ಗಾಜಿನ ನಾರು ಚರ್ಮಕ್ಕೆ ಚುಚ್ಚುತ್ತದೆ. ಅವಳ ಕೈಗಳು ಮೊಣಕೈವರೆಗೆ ಸದಾ ಕೆಂಪು, ಗಂಡನ ಹಳೆಯ ಶರ್ಟು ತೊಟ್ಟುಕೊಂಡರೂ ನಾರು ತೋಳಿನೊಳಗೆ ನುಗ್ಗುತ್ತದೆ. ಆ ನಾಲ್ಕು ದಿನ ತುರಿಕೆಯೂ ಅವಳಿಗೆ ಲೆಕ್ಕಕ್ಕೆ ಬರಲಿಲ್ಲ. ತೊಡಿಸಿ ಎಣಿಸಿದಳು. ನಲವತ್ತೆರಡು ಇದ್ದದ್ದು ಹದಿನೇಳು. ಅವಳ ಬದುಕಿನಲ್ಲೇ ಅಷ್ಟು ಕಡಿಮೆ ಬಂದದ್ದು ಅದೇ ಮೊದಲು.

"ಎಲ್ಲಿ ಮುಟ್ಟಿ ನೋಡಿ," ಎಂದಳು ಗಂಡನಿಗೆ.

ಅವನು ಯಂತ್ರದ ತಗಡಿನ ಮೇಲೆ ಕೈಯಿಟ್ಟ. ಒಳಗೆ ನೀರು ಕೊತಕೊತ ಕಾದಿದೆ, ಹೊರಗೆ ತಗಡು ತಣ್ಣಗಿದೆ.

"ಒಳಗೆ ಬಾಯ್ಲರ್ ಇದೆಯೋ ಇಲ್ವೋ ಅನ್ನೋ ಹಾಗಾಗಿದೆ," ಎಂದ. ಅದಕ್ಕಿಂತ ದೊಡ್ಡ ಹೊಗಳಿಕೆ ಆ ಮನುಷ್ಯನ ಬಾಯಲ್ಲಿ ಹುಟ್ಟುವುದಿಲ್ಲ.

ಯಂತ್ರ ಅಕ್ಕನ ಮನೆ ಸೇರಿತು. ಬಾಯ್ಲರಮ್ಮ ಕಾದಳು. ಒಂದು ವಾರ ಹೋಯಿತು, ಎರಡು ಹೋಯಿತು. ಹದಿನೇಳನೆಯ ದಿನ ಭಾವ ಬರಿಗೈಯಲ್ಲಿ ಬಂದರು, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು.

"ಬೇಜಾರು ಮಾಡ್ಕೋಬೇಡಮ್ಮ. ಅದನ್ನ ತೆಗೆಸ್ಬಿಡಿ ಅಂತಾಳೆ."

"ಏನನ್ನ?"

"ಅಂಗೀನ. ಕಾಫಿ ಮೊದಲಿನ ಹಾಗಿಲ್ಲ ಅಂತಾಳೆ. ನನಗೇನೋ ಚೆನ್ನಾಗೇ ಇದೆ ಅನ್ಸುತ್ತೆ. ಆದ್ರೆ ನಿಮ್ಮಕ್ಕ ಗೊತ್ತಲ್ಲ."

ಗೊತ್ತಿಲ್ಲದೆ ಏನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು. ಭಾವ ಹೋದ ಮೇಲೆ ಬಾಯ್ಲರಮ್ಮ ಕೂತಲ್ಲೇ ಕುದಿದಳು. ಕಾಫಿ ಕೆಟ್ಟಿತಂತೆ. ಶಾಖ ಏರಿಳಿಯದೆ ನಿಂತರೆ ಕಾಫಿ ಚೆನ್ನಾಗುತ್ತದೆಯೇ ಹೊರತು ಕೆಡುವುದು ಹೇಗೆ? ಇದು ಕಾಫಿಯ ಮಾತಲ್ಲ. ಏಳು ವರ್ಷದ ಹಿಂದಿನ ಮಾತನ್ನೇ ಅಕ್ಕ ಮತ್ತೆ ಹೇಳಿ ಕಳಿಸಿದ್ದಾಳೆ, ಅಷ್ಟೇ.

"ಹಿತ್ತಲ ಗಿಡ ಮದ್ದಲ್ಲ ರೀ. ನಾಳೆ ಬೆಳಿಗ್ಗೆ ಹೋಗ್ತೀನಿ. ಥರ್ಮಾಮೀಟರ್ ಇಟ್ಟು ಅವಳ ಕಣ್ಣೆದುರಿಗೇ ತೋರಿಸ್ತೀನಿ," ಎಂದಳು ಗಂಡನಿಗೆ.

"ತೋರಿಸು. ಆದ್ರೆ ಮೊದಲು ಕಾಫಿ ಕುಡಿ, ಆಮೇಲೆ ಜಗಳ ಆಡು. ಖಾಲಿ ಹೊಟ್ಟೇಲಿ ನಿನ್ನ ಮಾತು ಹಿಡಿಯೋಕಾಗಲ್ಲ," ಎಂದ ಗಂಡ, ತಲೆಯೆತ್ತದೆ.

ಮರುದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ಅವಳು ಅಕ್ಕನ ಮನೆಯ ಮೆಟ್ಟಿಲು ಹತ್ತಿದಳು, ಮೂರನೆಯ ಮಹಡಿ. ಕಿಟಕಿಯ ಗಾಜಿನ ಮೇಲೆ ಮಂಜು ಕೂತಿತ್ತು. ಅಡುಗೆಮನೆ ಎಂದಿನಂತೆ ಒಪ್ಪವಾಗಿತ್ತು. ಮೂಲೆಯಲ್ಲಿ ಯಂತ್ರ, ಅದರ ಮೇಲೆ ಬೋರಲು ಹಾಕಿದ ನಾಲ್ಕು ಬಟ್ಟಲು. ಕಿಟಕಿಯ ಪಕ್ಕ ಅಕ್ಕನ ಹಳೆಯ ಹೊಲಿಗೆ ಮೇಜು, ಅದರ ಮೇಲೆ ಭಾವನ ದಿನಪತ್ರಿಕೆಗಳ ರಾಶಿ.

"ಇಷ್ಟು ಬೇಗ ಬಂದ್ಯಲ್ಲೇ ಪುಟ್ಟಿ. ತೆಗೆಯೋಕೆ ಬಂದ್ಯಾ?" ಎಂದಳು ಅಕ್ಕ.

"ಮೊದಲು ಕಾಫಿ ಮಾಡು. ಏನು ಕೆಟ್ಟಿದೆ ನೋಡೋಣ."

ಭಾವ ಕಾಫಿ ಇಳಿಸಿದರು. ಬಾಯ್ಲರಮ್ಮ ಧಾರೆಗೆ ಥರ್ಮಾಮೀಟರಿನ ತಂತಿ ಹಿಡಿದಳು. ತೊಂಬತ್ತಮೂರು ಡಿಗ್ರಿ, ಅತ್ತಿತ್ತ ಅಲ್ಲಾಡಲಿಲ್ಲ. ಕುಡಿದಳು. ಕೆನೆ ಗಟ್ಟಿ, ಕಹಿ ಹದ, ಹೆಸರಿಡುವ ಹಾಗಿರಲಿಲ್ಲ. ಈಗ ಹೇಳು ಎನ್ನಲು ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ಅಕ್ಕ ಬಟ್ಟಲು ಸರಿಮಾಡುವವಳಂತೆ ಯಂತ್ರದ ಕಡೆ ತಿರುಗಿ, ಎರಡೂ ಅಂಗೈಗಳನ್ನು ಅದರ ತಲೆಯ ಮೇಲೆ ಇಟ್ಟಳು. ಯೋಚಿಸಿ ಇಟ್ಟದ್ದಲ್ಲ, ಕೈಗಳು ತಾವಾಗಿಯೇ ಹೋದವು. ಒಂದು ಕ್ಷಣ ಅಲ್ಲಿದ್ದವು. ತಗಡು ತಣ್ಣಗಿತ್ತು. ಕೈಗಳು ವಾಪಸ್ ಬಂದು ಕಂಕುಳಲ್ಲಿ ಸೇರಿಕೊಂಡವು. ಆಮೇಲೆ ಅಕ್ಕ ಮೇಜಿನ ಮೇಲಿನ ಚಮಚ ತೆಗೆದುಕೊಳ್ಳಲು ಹೋದಳು. ಬೆರಳುಗಳು ಬಾಗಲಿಲ್ಲ. ಅಂಗೈಯ ಅಂಚಿನಿಂದ ಚಮಚವನ್ನು ಮೇಜಿನ ತುದಿಯವರೆಗೆ ದೂಡಿ, ಇನ್ನೊಂದು ಕೈಯ ಬೊಗಸೆಗೆ ಬೀಳಿಸಿಕೊಂಡಳು.

ಬಾಯ್ಲರಮ್ಮ ತೆರೆದ ಬಾಯಿ ಮುಚ್ಚಿದಳು. ಒಂದೇ ಅಂಗುಲದಲ್ಲಿ ಹದಿನಾಲ್ಕು ಹೊಲಿಗೆ ಹಾಕುತ್ತಿದ್ದ ಬೆರಳುಗಳು ಅವು. ಆಗ ಅವಳಿಗೆ ಗೋಡೆಯ ಚೀಟಿ ನೆನಪಾಯಿತು.

"ಅಕ್ಕ, ಬೆಳಿಗ್ಗೆ ಎಷ್ಟು ಹೊತ್ತಿಗೆ ಚಾಲೂ ಮಾಡ್ತೀಯ ಇದನ್ನ?"

"ಐದೂವರೆಗೆ."

"ಕಾಫಿ ಎಷ್ಟು ಹೊತ್ತಿಗೆ?"

"ಏಳಕ್ಕೆ. ಯಾಕೆ?"

"ಅರ್ಧ ಗಂಟೆ ಸಾಕಲ್ಲ ಕಾಯೋಕೆ."

ಭಾವ ಬಟ್ಟಲಿನೊಳಗೆ ನೋಡುತ್ತ ಕೂತರು. ಬಾಯ್ಲರಮ್ಮ ಕಿಟಕಿಯ ಪಕ್ಕದ ಮೇಜಿನತ್ತ ನಡೆದಳು. ಪತ್ರಿಕೆಗಳ ಅಡಿಯಿಂದ ಬೂದು ಬಣ್ಣದ ದಪ್ಪ ಬಟ್ಟೆಯೊಂದರ ಅಂಚು ಇಣುಕಿತ್ತು. ಅರ್ಧ ಹೊಲಿದ ಒಂದು ತೋಳು, ಅದರಲ್ಲಿ ಚುಚ್ಚಿಟ್ಟ ಸೂಜಿ. ದಾರದ ಮೇಲೆ ಎರಡು ಮೂರು ವಾರದ ಧೂಳು.

"ಯಾರದಿದು?"

"ಯಾರದೋ ಒಂದು. ಬಿಡು ಅದನ್ನ," ಎಂದು ಅಕ್ಕ ಬಂದು ಪತ್ರಿಕೆಯನ್ನು ಮುಂದಕ್ಕೆ ಎಳೆದಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಸಾಕಾಯ್ತು ಎಂದು ಅಂಗಡಿ ಮುಚ್ಚಿದ್ದು ಸುಳ್ಳು. ಬೆರಳ ಕೀಲು ಹಿಡಿದುಕೊಂಡು ಮುಚ್ಚಿದ್ದು. ಬೆಳಗಿನ ಜಾವ ಎದ್ದು, ಯಂತ್ರ ಹಚ್ಚಿ, ಬಟ್ಟಲು ಬಿಸಿಮಾಡುವ ನೆವದಲ್ಲಿ ಅದರ ಬೆಚ್ಚನೆಯ ತಲೆಯ ಮೇಲೆ ಕೈಯಿಟ್ಟು ನಿಂತರೆ ಬೆರಳು ಬಿಡುತ್ತಿದ್ದವು. ಬಿಟ್ಟ ಮೇಲೆ ಅರ್ಧ ಗಂಟೆಯೋ ಒಂದು ಗಂಟೆಯೋ ಯಾರಿಗೂ ಹೇಳದೆ ಹೊಲಿಗೆ. ಇಡೀ ದಿನದಲ್ಲಿ ಅಕ್ಕ ಅಕ್ಕನಾಗಿರುತ್ತಿದ್ದದ್ದು ಆ ಒಂದು ಗಂಟೆ. ಬಿಸಿನೀರಿನ ಚೀಲ ಹಿಡಿದು ಕೂರಬಹುದಿತ್ತು. ಕೂತರೆ ತಾನು ರೋಗಿಯೆಂದು ಒಪ್ಪಿಕೊಂಡ ಹಾಗಲ್ಲವೇ? ಅದು ಅವಳ ಜಾಯಮಾನಕ್ಕೆ ಒಗ್ಗದ ಮಾತು. ಎಲ್ಲರೂ ವ್ಯರ್ಥ ಎನ್ನುವ ಆ ಶಾಖದಲ್ಲಿ ಅಕ್ಕನ ಪಾಲೊಂದು ಇತ್ತು. ಅದನ್ನು ತಂಗಿ ಮೂರು ಪದರ ಹಾಕಿ, ಕೈಹೊಲಿಗೆ ಹಾಕಿ, ಕಸಿದುಕೊಂಡಿದ್ದಳು. ಹದಿನೇಳು ಟಿಕ್ ಎಂದು ಹೆಮ್ಮೆಪಟ್ಟಿದ್ದಳು. ನಾಚಿಕೆಯಿಂದ ಅವಳ ಕಿವಿಯೆಲ್ಲ ಬಿಸಿಯಾಯಿತು.

ಕ್ಷಮಿಸು ಎನ್ನುವ ಮಾತು ಆ ಮನೆತನದಲ್ಲಿ ಚಾಲ್ತಿಯಲ್ಲಿಲ್ಲ. ಅವಳು ಪ್ಲಗ್ ಕಿತ್ತು, ಬಾಯ್ಲರ್ ಆರುವವರೆಗೆ ಕಾದು, ಚೀಲದಿಂದ ತಿರುಪುಳಿ ತೆಗೆದು, ಯಂತ್ರದ ಮೇಲ್ಮುಚ್ಚಳ ಬಿಚ್ಚಿದಳು.

"ಹಂಗಾದ್ರೆ ತೆಗೀತೀಯ," ಎಂದಳು ಅಕ್ಕ. ಜಗಳಕ್ಕೆ ಸಿದ್ಧವಾಗಿದ್ದವಳಿಗೆ ಜಗಳ ಸಿಗದಿದ್ದರೆ ಮುಖ ಹೇಗಾಗುತ್ತದೋ ಹಾಗಾಗಿತ್ತು ಅವಳ ಮುಖ.

"ತೆಗೀತೀನಿ. ಕೆಲಸ ಸರಿ ಇಲ್ಲ, ಅಳತೆ ತಪ್ಪಿದೆ. ಹತ್ತು ದಿನ ಬರಿಮೈಲಿರಲಿ. ಬೇರೆ ಹೊಲಿದು ತರ್ತೀನಿ."

"ಬೇರೇದೂ ಬೇಡ."

"ತಂತಿಗಳನ್ನ ನೋಡಿಲ್ಲಿ, ಹೇಗೆ ಕಂದಾಗಿವೆ. ಹೀಗೇ ಬಿಟ್ಟರೆ ಇನ್ನೊಂದು ವರ್ಷಕ್ಕೆ ಯಂತ್ರ ಕೈಕೊಡುತ್ತೆ. ಆಮೇಲೆ ಬೆಳಿಗ್ಗೆ ಐದೂವರೆಗೆ ಎದ್ದು ಏನ್ ಮಾಡ್ತೀಯ?"

ಅಕ್ಕ ತಂಗಿಯ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಟ್ಟಲು ತೊಳೆಯಲು ಹೋದಳು.

ಅಂಗಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ಓಣಿಗೆ ಮರಳಿದಾಗ ಗಂಡ ತಲೆಯೆತ್ತಿ ನೋಡಿದ. ಅವಳು ನಡೆದದ್ದನ್ನೆಲ್ಲ ಹೇಳಿದಳು, ಹೇಳುತ್ತ ಹೇಳುತ್ತ ಅತ್ತಳು. ಅವನು ಸಮಾಧಾನದ ಮಾತು ಆಡುವ ಜಾತಿಯವನಲ್ಲ. ಎದ್ದು ಹೋಗಿ ಕಪಾಟಿನಿಂದ ಅದೇ ಮಾದರಿಯ ಒಂದು ಹಳೆಯ ಯಂತ್ರ ತಂದು ಅವಳ ಮೇಜಿನ ಮೇಲಿಟ್ಟ.

"ಇದರ ಮೇಲೆ ನೋಡು. ಎಷ್ಟು ಬಿಸಿ ಬೇಕು ನಿಮ್ಮಕ್ಕನಿಗೆ?"

ಅದೇ ಕಷ್ಟದ ಪ್ರಶ್ನೆ. ಬಾಯ್ಲರಿನ ತಲೆಯನ್ನು ಪೂರ್ತಿ ಬಿಟ್ಟು ಪಕ್ಕಕ್ಕೆ ಮಾತ್ರ ಮೂರು ಪದರ ಹಾಕಿದರೆ ಮೇಲಿನ ತಗಡು ನಡುವೆ ಮಾತ್ರ ಸುಡುತ್ತದೆ, ಅಂಚಿಗೆ ತಣ್ಣಗೆ. ಒಂದು ಪದರ ಮುಚ್ಚಿದರೆ ಎಲ್ಲ ಕಡೆ ಉಗುರುಬೆಚ್ಚಗೆ, ಅಷ್ಟರಿಂದ ಬೆರಳು ಬಿಡುವುದಿಲ್ಲ. ಗಂಡ ಒಂದು ತೆಳುವಾದ ತಾಮ್ರದ ತಗಡು ಕತ್ತರಿಸಿ, ಶಾಖ ಎರಡೂ ಅಂಗೈಯಗಲಕ್ಕೆ ಹರಡುವಂತೆ ಮೇಲ್ಮುಚ್ಚಳದ ಅಡಿಗೆ ಬಿಗಿದ. ಅವಳು ತಲೆಯ ಭಾಗದಲ್ಲಿ ಕೋಟಿನ ಕುತ್ತಿಗೆಯಂತೆ ದುಂಡಗೆ ಕತ್ತರಿಸಿ, ಅಂಚಿಗೆ ಪಟ್ಟಿ ಕೊಟ್ಟಳು. ಕತ್ತರಿಸುವುದು, ತೊಡಿಸುವುದು, ಕೈಯಿಟ್ಟು ನೂರು ಎಣಿಸುವುದು. ಐದು ಕುತ್ತಿಗೆ ಕೆಟ್ಟವು. ಬಿಸಿಗೆ ಪಳಗಿದ ಅವಳ ಅಂಗೈಗೆ ಎಲ್ಲವೂ ತಣ್ಣಗೆ ಅನ್ನಿಸುತ್ತಿದ್ದುದರಿಂದ ಮಣಿಕಟ್ಟಿನ ಒಳಭಾಗ ಇಟ್ಟು ನೋಡಿದಳು. ಗಂಡನ ಮಣಿಕಟ್ಟನ್ನೂ ಎಳೆದಿಟ್ಟಳು.

"ಹಿಂದೆ ಈ ಕೈ ಸುಟ್ಟುಕೊಂಡದ್ದಕ್ಕೇ ತಾನೇ ನಿನ್ನ ಕಸುಬು ಶುರುವಾದದ್ದು. ಇನ್ನೂ ತೀರಿಲ್ವಾ ಅದರ ಋಣ?" ಎಂದ.

"ಸುಮ್ನೆ ಎಣಿಸ್ರೀ."

ಆರನೆಯ ಕುತ್ತಿಗೆ ಸರಿ ಹೊಂದಿತು. ನೂರು ಎಣಿಸಿದರೂ ಕೈ ತೆಗೆಯಬೇಕೆನ್ನಿಸಲಿಲ್ಲ, ಇನ್ನೂ ಇಡಬೇಕೆನ್ನಿಸಿತು. ಟಿಕ್ ಎಣಿಸಿದಳು. ಇಪ್ಪತ್ತೈದು. ಹದಿನೇಳಕ್ಕಿಂತ ಎಂಟು ಹೆಚ್ಚು. ಊಟ ಸೇರದ ಲೆಕ್ಕವದು, ಅವಳದೇ ಕಾನೂನಿನ ಪ್ರಕಾರ. ಆ ಎಂಟು ಅಕ್ಕನ ಎರಡು ಕೈಗಳದು ಎಂದುಕೊಂಡಳು, ಕೂತು ಹೊಟ್ಟೆ ತುಂಬ ಉಂಡಳು. ಗೋಡೆಯ ಚೀಟಿಯ ಕೆಳಗೆ ಎಂಟನೆಯ ಪ್ರಶ್ನೆ ಬರೆದಳು: ಕೈ ಎಲ್ಲಿಡುತ್ತೀರಿ?

ಹನ್ನೊಂದನೆಯ ದಿನ ಬೆಳಿಗ್ಗೆ ಅವಳು ಮತ್ತೆ ಮೂರು ಮಹಡಿ ಹತ್ತಿದಳು. ಈ ಸಲ ಗಂಡನೂ ಬಂದ, ತಾಮ್ರದ ತಗಡು ಕೂರಿಸಲು. ತೊಡಿಸಿ, ಮುಚ್ಚಳ ಹಾಕಿ, ಚಾಲೂ ಮಾಡಿ, ನಾಲ್ವರೂ ಕಾದರು.

ಅರ್ಧ ಗಂಟೆಯ ಮೇಲೆ ಅಕ್ಕ ಎದ್ದು ಹೋಗಿ ಅಂಗೈಗಳನ್ನು ಇಟ್ಟಳು. ಈ ಸಲ ಬಟ್ಟಲಿನ ನೆವ ಇರಲಿಲ್ಲ. ಎಲ್ಲರ ಕಣ್ಣೆದುರಿಗೇ ಇಟ್ಟು ನಿಂತಳು. ಗಡಿಯಾರದ ಸೆಕೆಂಡ್ ಮುಳ್ಳು ಎರಡು ಸುತ್ತು ಬಂತು. ಮೂರು ಬಂತು.

"ಕುತ್ತಿಗೆ ಬಿಟ್ಟಿದೀಯ," ಎಂದಳು ಅಕ್ಕ.

"ಹೂಂ."

"ಒಳಗೆ ಪಟ್ಟಿ ಕೊಟ್ಟಿದೀಯೋ, ಹಂಗೇ ಮಡಚಿದೀಯೋ?"

"ಪಟ್ಟಿ ಕೊಟ್ಟಿದೀನಿ. ಓರೆ ಕತ್ತರಿಸಿ."

"ಹಿಂದಿಂದೂ ನೋಡೋಣ, ಕೊಡು."

ಬಿಚ್ಚಿ ತಂದಿದ್ದ ಮೊದಲನೆಯ ಅಂಗಿ ಚೀಲದಲ್ಲೇ ಇತ್ತು. ಅಕ್ಕ ಅದನ್ನು ಒಳಮೈ ಹೊರಗೆ ಮಾಡಿ, ಹೊಸದಾಗಿ ಸೇರಿದ ಹುಡುಗಿಯರ ಕೆಲಸ ನೋಡುತ್ತಿದ್ದ ಹಾಗೆಯೇ, ಹೆಬ್ಬೆರಳನ್ನು ಹೊಲಿಗೆಯ ಗುಂಟ ಎಳೆದಳು. ಹೆಬ್ಬೆರಳು ಬಾಗಿತು. ಯಾರೂ ನೋಡದ ಒಳಗಡೆಯಲ್ಲೂ ಒಂದೇ ಒಂದು ಕಳ್ಳಹೊಲಿಗೆ ಇರಲಿಲ್ಲ. ಅಕ್ಕ ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟು, ಕಿಟಕಿಯ ಕಡೆ ಹೋಗಿ, ಆ ಬೂದು ಬಣ್ಣದ ಬಟ್ಟೆಯನ್ನು ತಂದು ತಂಗಿಯ ಮಡಿಲಿಗೆ ಹಾಕಿದಳು.

ಕೆಲಸದಲ್ಲಿ ತೊಡುವ ಉದ್ದ ಕೋಟು. ಬಿಗಿ ನೇಯ್ಗೆಯ ಬಟ್ಟೆ, ಕತ್ತಿನವರೆಗೆ ಮುಚ್ಚುವ ಕಾಲರು, ಮುಂಗೈಗೆ ಎರಡೆರಡು ಗುಂಡಿ, ಗಾಜಿನ ನಾರಿನ ಒಂದೆಳೆಯೂ ಒಳಗೆ ನುಸುಳದ ಹಾಗೆ. ಹತ್ತು ದಿನದಲ್ಲಿ ಎರಡನೆಯ ತೋಳೂ ಮುಗಿದಿತ್ತು.

"ಇವರ ನಿವೃತ್ತಿ ದಿನ ಬಡಿಸುವಾಗ ನಿನ್ನ ಕೈ ನೋಡಿದೆ. ಸುಟ್ಟ ಹಾಗೆ ಕೆಂಪಾಗಿತ್ತು. ಹಾಕ್ಕೊ," ಎಂದಳು ಅಕ್ಕ.

ಬಾಯ್ಲರಮ್ಮ ಎದ್ದು ತೊಟ್ಟುಕೊಂಡಳು. ಭುಜ ಕೂತಿತು, ತೋಳು ಕೂತಿತು. ಮುಂದೆ ಗುಂಡಿ ಹಾಕಹೋದರೆ ಎರಡು ಅಂಚಿನ ನಡುವೆ ನಾಲ್ಕು ಬೆರಳು ಅಂತರ. ಉಸಿರು ಎಳೆದುಕೊಂಡಳು, ಹೊಟ್ಟೆ ಒಳಗೆ ತಂದಳು. ಮೂರು ಬೆರಳಾಯಿತು, ಅದಕ್ಕಿಂತ ಮುಂದೆ ಬರಲಿಲ್ಲ.

"ಇದು ಯಾವ ಕಾಲದ ಅಳತೆ ಅಕ್ಕ?"

"ನೀನು ಅಂಗಡಿ ಬಿಟ್ಟಾಗಿಂದು. ನಿನ್ನ ಅಳತೆ ನನಗೆ ಗೊತ್ತಿಲ್ವಾ ಅಂದ್ಕೊಂಡೆ."

"ನಿಮ್ಮಿಬ್ಬರಿಗೂ ಕೇಳೋ ಅಭ್ಯಾಸಾನೇ ಇಲ್ಲ," ಎಂದ ಬಾಯ್ಲರಮ್ಮನ ಗಂಡ. ಭಾವ ಪಿಸುಪಿಸು ನಕ್ಕರು. ಅಕ್ಕ ನಗು ತಡೆಯಲು ನೋಡಿದಳು, ಆಗಲಿಲ್ಲ. ಅಕ್ಕ ತಂಗಿ ಇಬ್ಬರೂ ಏಳು ವರ್ಷದ್ದು ಸೇರಿಸಿ ನಕ್ಕರು. ಕೋಟಿನ ಬಗಲಿನ ಹೊಲಿಗೆಯೊಂದು ಪಟ್ಟೆಂದು ಬಿಟ್ಟುಕೊಂಡಿತು.

"ಅದಿರಲಿ, ಒಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟಿದೀನಿ, ಬಿಚ್ಚಿದ್ರೆ ಸಾಕಾಗುತ್ತೆ," ಎನ್ನುತ್ತ ಅಕ್ಕ ಕಣ್ಣೊರೆಸಿಕೊಂಡಳು. ಯಂತ್ರದ ತಲೆಯ ಮೇಲೆ ಇನ್ನೊಂದು ಸಲ ಕೈ ಬೆಚ್ಚಗೆ ಮಾಡಿಕೊಂಡು ಬಂದು, ಮೇಜಿನ ಖಾನೆಯಿಂದ ಅಳತೆ ಪಟ್ಟಿ ತೆಗೆದು, ಹಳೆಯ ಅಳತೆಯ ಪುಸ್ತಕವನ್ನು ಭಾವನ ಕೈಗೆ ಕೊಟ್ಟಳು. "ನೀವು ಬರ್ಕೊಳ್ಳಿ. ಪುಟ್ಟಿ, ನೆಟ್ಟಗೆ ನಿಂತ್ಕೊ. ಆಮೇಲೆ ಕೂತು ತೋರಿಸು, ಬಾಯ್ಲರಿಗೆ ಹೇಗೆ ಬಗ್ತೀಯ ಅಂತ."

ಭಾವ ಹೊಸ ಪುಟ ತೆರೆದು, ಕನ್ನಡಕ ಏರಿಸಿಕೊಂಡು ಪೆನ್ಸಿಲ್ ಹಿಡಿದರು.

"ಮೇಲೆ ಏನಂತ ಬರೀಲಿ?" ಎಂದರು ಪಿಸುದನಿಯಲ್ಲಿ. "ತಂಗಿ ಅಂತ್ಲಾ?"

ಅಕ್ಕ ಅಳತೆ ಪಟ್ಟಿಯನ್ನು ತಂಗಿಯ ಬೆನ್ನಿಗೆ ಹಿಡಿದಿದ್ದಳು. ತಲೆಯೆತ್ತಲಿಲ್ಲ.

"ಕಸುಬು ಬರೀರಿ. ಯಾವಾಗ್ಲೂ ಬರೆಯೋ ಹಾಗೆ," ಎಂದಳು. "ದರ್ಜಿ ಅಂತ ಬರೀರಿ."